ಕಾಳೂ ಉಸಿರಾಡ್ತದ

ಸುಗ್ಗಿ ಹೊತ್ತಿಗೆ ಮಳೆ ಹಿಡಿದರೆ ಹಾನಗಲ್ಲ, ಹಿರೇಕೆರೂರು ಕಡೆ ನಾವೆಲ್ಲ ಗೋವಿನಜೋಳದ ರಾಶಿಗೆ ತಾಡಪತ್ರಿ ಹೊದಿಸಿ ಮುಗಿಲು ನೋಡುತ್ತ ಕೂಡುತ್ತೇವೆ. ಎರಡು ದಿನ ಬಿಟ್ಟು ರಾಶಿಯೊಳಗೆ ಮೊಳಕೈತನಕ ಕೈ ಹಾಕಿ ನೋಡ್ರಿ. ಬಿಸಿ! ಬಿಸಿಲೇ ಇಲ್ಲ, ಈ ಕಾವು ಎಲ್ಲಿಂದ ಬಂತು?

ಕಾಳು ಸತ್ತ ವಸ್ತು ಅಲ್ಲ. ಬಿತ್ತಿದರೆ ಹುಟ್ಟತದಲ್ಲ, ಅಂದಮೇಲೆ ಒಳಗೆ ಜೀವ ಐತಿ. ಆ ಜೀವಕ್ಕೂ ಊಟ ಬೇಕು. ತನ್ನೊಳಗಿನ ಪಿಷ್ಟವನ್ನೇ ಗ್ಲೂಕೋಸ್ ಮಾಡಿಕೊಂಡು ತಿನ್ನುತ್ತದೆ. ನಾವು ಉಂಡ ರೊಟ್ಟಿಗೂ ಮೈಯೊಳಗೆ ಆಗುವುದು ಇದೇ.

ಕೆಲಸ ನಡೆಯುವುದು ಜೀವಕೋಶದಲ್ಲಿ. ಮೊದಲು ಗ್ಲೂಕೋಸ್ ಎರಡು ಹೋಳಾಗುತ್ತದೆ. ಇದಕ್ಕೆ ಗಾಳಿ ಬೇಡ. ಆಮೇಲೆ ಹೋಳುಗಳು ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳಿಗೆ ಹೋಗಿ, ಆಮ್ಲಜನಕ ಸಿಕ್ಕರೆ, ಹಂತ ಹಂತವಾಗಿ ಕಳಚಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತವೆ. ಈ ಸುತ್ತುದಾರಿಯನ್ನು 1937ರಲ್ಲಿ ಬಿಡಿಸಿ ತೋರಿಸಿದವರು ಹ್ಯಾನ್ಸ್ ಕ್ರೆಬ್ಸ್. 1953ರಲ್ಲಿ ಅವರಿಗೆ ನೊಬೆಲ್ ಬಂತು. ಸಿಕ್ಕ ಶಕ್ತಿಯನ್ನು ಕೋಶ ಎಟಿಪಿ ಎಂಬ ಚಿಲ್ಲರೆ ಮಾಡಿ ಇಟ್ಟುಕೊಳ್ಳುತ್ತದೆ. ಒಂದು ಗ್ಲೂಕೋಸಿಗೆ ಗಾಳಿ ಇದ್ದರೆ ಸುಮಾರು 30 ಎಟಿಪಿ, ಇಲ್ಲದಿದ್ದರೆ ಬರೀ 2. ಗಾಳಿ ಇದ್ದಾಗಲೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಾವಾಗಿ ಹೊರಬೀಳುತ್ತದೆ. ರಾಶಿ ಕಾಯುವುದು ಇದರಿಂದಲೇ.

ಲೆಕ್ಕ ನೋಡ್ರಿ. 180 ಗ್ರಾಂ ಗ್ಲೂಕೋಸ್ ಕರಗಲು 192 ಗ್ರಾಂ ಆಮ್ಲಜನಕ ಬೇಕು. ಹೊರಬರುವುದು 264 ಗ್ರಾಂ ಇಂಗಾಲದ ಡೈಆಕ್ಸೈಡ್, 108 ಗ್ರಾಂ ನೀರು. ಅಂದರೆ ಕಿಲೋ ಗ್ಲೂಕೋಸಿಗೆ 600 ಗ್ರಾಂ ನೀರು! ತಾಡಪತ್ರಿ ಒಳಗಡೆ ಬೆವರಿರುವುದರಲ್ಲಿ ಇದೂ ಸೇರಿದೆ. ಆ ನೀರಿಗೆ ಕಾಳಿನ ಉಸಿರು ಇನ್ನೂ ಜೋರಾಗುತ್ತದೆ, ಬೂಸ್ಟು ಬರುತ್ತದೆ. ಬೂಸ್ಟೂ ಜೀವವೇ, ಅದೂ ಉಸಿರಾಡಿ ಕಾವು ಕೂಡಿಸುತ್ತದೆ. ತೂಕ ಹೋಯಿತು, ಮೊಳಕೆ ಶಕ್ತಿ ಹೋಯಿತು. ಗಾಳಿ ಸಾಲದ ನಡುರಾಶಿಯಲ್ಲಿ ಹುಳಿ ವಾಸನೆ ಬಂದರೆ ಗ್ಲೂಕೋಸ್ ಅರ್ಧಕ್ಕೇ ನಿಂತು ಹುದುಗುತ್ತಿದೆ ಎಂದರ್ಥ. ಮಳೆ ಬಿಟ್ಟ ತಾಸಿಗೇ ತಾಡಪತ್ರಿ ಸರಿಸಿ, ರಾಶಿ ತೆಳ್ಳಗೆ ಹರವಿ, ತಿರುವಿಹಾಕಿ. ತೇವ ಶೇ. 12–13ಕ್ಕೆ ಇಳಿದರೆ ಕಾಳಿನ ಉಸಿರು ಬಲು ನಿಧಾನ.

ಈ ಉಸಿರನ್ನೇ ದುಡಿಸಿಕೊಂಡದ್ದು ನಮ್ಮ ಹಿರಿಯರ ಹಗೇವು. ಸವಣೂರು, ಶಿಗ್ಗಾವಿ ಸೀಮೆಯಲ್ಲಿ ಅದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಒಣಗಿದ ಬಿಳಿಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು, ಹುಳ ಸೇರಿ ಒಳಗಿನ ಆಮ್ಲಜನಕ ಮುಗಿಸುತ್ತವೆ. ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧಿ ಖರ್ಚಿಲ್ಲ.

ಆದರೆ ಇಳಿದ ಮನುಷ್ಯನಿಗೂ ಅದೇ ಗತಿ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಹಿಂದಿನವರು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಲೇಬಾರದು, ಸರಿ. ಆದರೆ ಉರಿದ ಮಾತ್ರಕ್ಕೆ ನಂಬಬೇಡಿ, ದೀಪ ಉರಿಯುವ ಗಾಳಿಯಲ್ಲೂ ಮನುಷ್ಯ ಕುಸಿಯಬಹುದು. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಫ್ಯಾನಿನಿಂದ ತಳಕ್ಕೆ ಗಾಳಿ ಹೊಡೆಸಬೇಕು. ಇಳಿಯುವವನ ಮೈಗೆ ಹಗ್ಗ ಕಟ್ಟಿ ಮೇಲೆ ಗಟ್ಟಿ ಆಳು ನಿಲ್ಲಿಸಬೇಕು. ಕುಸಿದರೆ ಹಗ್ಗದಿಂದ ಎಳೆದುಕೊಳ್ಳಿ, 112ಕ್ಕೆ ಫೋನ್ ಮಾಡಿ. ಅಣ್ಣನೇ ಬಿದ್ದಿದ್ದರೂ ಹಿಂದೆ ತಮ್ಮ ಇಳಿಯಬಾರದು.