ಜಿಂಕೆಯ ಹಳೆಯ ಗಾಯ

ಜಿಂಕೆಯೆಂದೊಡನೆ ಅಂಜುಬುರುಕ ಪ್ರಾಣಿಯೆಂಬ ಭಾವನೆ ನಮ್ಮಲ್ಲಿ ಮೂಡುತ್ತದೆ. ಆದರೆ ಆ ಕೋಮಲ ದೇಹದಲ್ಲಿ ಅಡಗಿರುವ ಸಹನಶಕ್ತಿ ಬೆರಗುಗೊಳಿಸುವಂಥದು. ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಯನ್ನೇ ನೋಡೋಣ. ಅಲ್ಲಿ ನಿಯಮಿತ ಕಾಲದಲ್ಲಿ ಬೇಟೆಗೆ ಅನುಮತಿಯುಂಟು. ಕೊಂದ ಜಿಂಕೆಯ ಮೈಯನ್ನು ಸೀಳಿದಾಗ, ಹಿಂದೆಂದೋ ನಾಟಿದ ಬಾಣದ ಮೊನೆಯೋ ಗುಂಡೋ ಒಮ್ಮೊಮ್ಮೆ ದೊರೆಯುತ್ತದೆ. ಅದನ್ನು ಹೊತ್ತುಕೊಂಡೇ ಆ ಪ್ರಾಣಿ ಮೇಯುತ್ತ, ಓಡುತ್ತ ಬದುಕಿತ್ತು!

ಇದು ಹೇಗೆ ಸಾಧ್ಯ? ಗಾಯವಾದಾಗ ರಕ್ತ ಹೆಪ್ಪುಗಟ್ಟಿ ಸೋರಿಕೆಯನ್ನು ತಡೆಯುತ್ತದೆ. ರಕ್ತದ ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಒಳಗುಳಿದ ಲೋಹದ ಚೂರಿನ ಸುತ್ತ ನಾರಿನಂಥ ಗಟ್ಟಿ ಪೊರೆ ಬೆಳೆದು, ಅದನ್ನು ಸೆರೆಯಾಳಿನಂತೆ ಬಂಧಿಸುತ್ತದೆ. ಮುರಿದ ಎಲುಬನ್ನು ಹೊಸ ಎಲುಬಿನ ಗಂಟು ಬೆಸೆಯುತ್ತದೆ. ಕಟ್ಟು ಕಟ್ಟುವವರಿಲ್ಲದ ಕಾರಣ ಕಾಲು ಸೊಟ್ಟಗಾಗುವುದುಂಟು. ಮತ್ತೊಂದು ವಿಚಿತ್ರವೆಂದರೆ, ಗಂಡುಜಿಂಕೆಯ ಎಡ ಹಿಂಗಾಲು ಮುರಿದರೆ ಅನೇಕ ವೇಳೆ ಬಲಗೊಂಬು ವಿಕಾರವಾಗಿ ಬೆಳೆಯುತ್ತದೆ. ಕೊಂಬು ವರ್ಷಕ್ಕೊಮ್ಮೆ ಉದುರಿ ಹೊಸದು ಬಂದರೂ ಆ ವಿಕಾರ ಮರಳಿ ತೋರಬಹುದು.

ಆದರೆ ವಿದ್ಯಾರ್ಥಿಗಳೇ, ಬದುಕಿ ಉಳಿದವು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತವೆ. ಗಾಯ ಕೀವುಗಟ್ಟಿ, ಹಸಿವಿನಿಂದ ಬಳಲಿ, ಪೊದೆಗಳ ಮರೆಯಲ್ಲಿ ಮಡಿದವುಗಳನ್ನು ಕಾಣುವವರು ವಿರಳ. ಸಹಿಸಿತೆಂದ ಮಾತ್ರಕ್ಕೆ ನೋಯಲಿಲ್ಲವೆಂದು ಬಗೆಯಬಾರದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಿಂಕೆಯ ಬೇಟೆಯನ್ನು ನಿಷೇಧಿಸಿದೆ. ಕಾಡಂಚಿನಲ್ಲಿ ಉರುಳು ಕಂಡರೆ ಮುಟ್ಟದೆ ಹಿರಿಯರಿಗೆ ತಿಳಿಸಿರಿ. ಹಿರಿಯರು ಅರಣ್ಯ ಇಲಾಖೆಗೆ ತಿಳಿಸಲಿ. ಗಾಯವನ್ನು ಮಾಯಿಸುವ ಶಕ್ತಿ ಜಿಂಕೆಗಿದೆ; ಗಾಯವಾಗದಂತೆ ತಡೆಯುವ ಶಕ್ತಿ ನಮಗಿದೆ.