ಕೈಯಲ್ಲಿ ಪಾಲಿಸಿ, ಪರದೆಯಲ್ಲಿ ‘ಇನ್ಶೂರೆನ್ಸ್ ಇಲ್ಲ’

ತುಮಕೂರಿನ ಬಿ.ಎಚ್. ರಸ್ತೆಯಲ್ಲೋ, ಕುಣಿಗಲ್ ಬಳಿಯ ಹೆದ್ದಾರಿಯಲ್ಲೋ ಪೊಲೀಸರು ಕೈ ಅಡ್ಡ ಹಿಡಿದು ಕೆಎ-06 ನಂಬರನ್ನು ಯಂತ್ರಕ್ಕೆ ಒತ್ತುತ್ತಾರೆ. ‘ಇನ್ಶೂರೆನ್ಸ್ ಫೇಲ್ ಆಗಿದೆಯಲ್ಲಪ್ಪ.’ ಸವಾರ ಸೀಟೆತ್ತಿ ಪ್ಲಾಸ್ಟಿಕ್ ಕವರಿನಿಂದ ಪಾಲಿಸಿ ತೆಗೆಯುತ್ತಾನೆ. ‘ಇಲ್ಲ ಸಾರ್, ಕಟ್ಟಿದ್ದೀನಿ, ನೋಡಿ.’ ವಿಮೆಯನ್ನೇ ಮಾಡಿಸದವನ ಕಥೆ ಇಲ್ಲಿಗೆ ಮುಗಿಯುತ್ತದೆ, ದಂಡ ಕಟ್ಟಿ ಹೋಗುತ್ತಾನೆ. ದುಡ್ಡು ಕಟ್ಟಿಯೂ ಆರೋಪಿಯಾದವನ ಕಥೆ ಮಾತ್ರ ಇಲ್ಲಿಂದಲೇ ಶುರು.

ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ವಿಮೆಯಿಲ್ಲದ ವಾಹನ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ 196ನೇ ಕಲಂ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟ ಮಾಲೀಕನೂ ಆರೋಪಿ. ಅಪಘಾತವಾದರಂತೂ ಅಜಾಗರೂಕ ಚಾಲನೆಯ ಕಲಂಗಳ ಬಾಲಕ್ಕೆ ಇದೂ ಅಂಟಿಕೊಂಡು ದೋಷಾರೋಪ ಪಟ್ಟಿಗೆ ಬರುತ್ತದೆ. ದೇಶದ ರಸ್ತೆಗಳಲ್ಲಿ ಓಡುವ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ವಿಮೆಯೇ ಇಲ್ಲವೆಂದು ಸಂಸದೀಯ ಸಮಿತಿಯೇ ಹೇಳಿರುವಾಗ ಪೊಲೀಸರ ಅನುಮಾನವನ್ನು ತಪ್ಪೆನ್ನಲೂ ಆಗದು.

ಪರದೆಗೂ ಕಾಗದಕ್ಕೂ ತಾಳೆಯಾಗದಿರಲು ಕಾರಣ ಹಲವು. ಕೆಲವಂತೂ ತೀರಾ ಸಪ್ಪೆ: ಏಜೆಂಟ್ ನೋಂದಣಿ ಸಂಖ್ಯೆಯ ಒಂದಕ್ಷರ ತಪ್ಪಾಗಿ ಒತ್ತಿರುತ್ತಾನೆ, ಹೊಸ ಗಾಡಿಯ ಪಾಲಿಸಿಯಲ್ಲಿ ಚಾಸಿ ನಂಬರ್ ಮಾತ್ರ ಇರುತ್ತದೆ. ಇನ್ನೊಂದು ಗೊಂದಲ 2018ರ ಸೆಪ್ಟೆಂಬರ್ 1ರಿಂದ ಬಂದದ್ದು. ಸುಪ್ರೀಂ ಕೋರ್ಟ್ ಆದೇಶದಂತೆ ಹೊಸ ಬೈಕಿಗೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಕೊಳ್ಳುವಾಗಲೇ ಮಾಡಿಸಬೇಕು. ಗಾಡಿಯ ಸ್ವಂತ ಹಾನಿಯ ವಿಮೆ ಒಂದೇ ವರ್ಷದ್ದಾಗಿರಬಹುದು. ಹಾಗಾಗಿ ಒಂದೇ ಕಾಗದದಲ್ಲಿ ಎರಡು ಮುಕ್ತಾಯ ದಿನಾಂಕ. ಸ್ವಂತ ಹಾನಿಯದು ಮುಗಿದರೂ ಅಪರಾಧವಲ್ಲ. ಕಾನೂನು ಕೇಳುವುದು ಥರ್ಡ್ ಪಾರ್ಟಿಯದನ್ನು ಮಾತ್ರ.

ತಪ್ಪು ಸವಾರನದ್ದೇ ಆಗಿರುವುದೂ ಉಂಟು. ಎಲ್‌ಐಸಿ ಕಂತು ಕಟ್ಟಿ ಅಭ್ಯಾಸವಾದವರು ಗಾಡಿ ವಿಮೆಗೂ ಒಂದು ತಿಂಗಳು ರಿಯಾಯಿತಿ ಇದೆ ಎಂದುಕೊಳ್ಳುತ್ತಾರೆ. ಇಲ್ಲ. ನೋ ಕ್ಲೇಮ್ ಬೋನಸ್ ಉಳಿಯಲು 90 ದಿನ ಸಿಗುತ್ತದೆ, ಅಷ್ಟೆ. ಆ ದಿನಗಳಲ್ಲಿ ಗಾಡಿಗೆ ರಕ್ಷಣೆ ಇರುವುದಿಲ್ಲ.

ನಿಜವಾದ ತಕರಾರು ಹುಟ್ಟುವುದು ಕಂಪನಿಯೇ ‘ಪಾಲಿಸಿ ಕೊಟ್ಟಿದ್ದೆವು, ಆದರೆ ರದ್ದು ಮಾಡಿದೆವು’ ಎಂದಾಗ. ಪ್ರೀಮಿಯಂ ಕೈಸೇರದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ ಎನ್ನುತ್ತದೆ 1938ರ ವಿಮಾ ಕಾಯ್ದೆಯ 64ವಿಬಿ ಕಲಂ. ಹಾಗಾದರೆ ಚೆಕ್ ಪಡೆದು, ಪಾಲಿಸಿ ಕೊಟ್ಟು, ಆಮೇಲೆ ಆ ಚೆಕ್ ಬೌನ್ಸ್ ಆದರೆ? ಈ ಪ್ರಶ್ನೆಯ ಎರಡು ಮುಖ್ಯ ತೀರ್ಪುಗಳು ಹುಟ್ಟಿದ್ದು ಕರ್ನಾಟಕದ ಪ್ರಕರಣಗಳಿಂದಲೇ.

ಮೊದಲನೆಯದು ದೆದ್ದಪ್ಪ ಪ್ರಕರಣ. ಚೆಕ್ ಬರೆದದ್ದು 1997ರ ಅಕ್ಟೋಬರ್ 15ರಂದು, ಬ್ಯಾಂಕ್ ವಾಪಸ್ ಕಳಿಸಿದ್ದು 21ರಂದು. ನವೆಂಬರ್ 6ಕ್ಕೆ ಕಂಪನಿ ಪಾಲಿಸಿ ರದ್ದು ಮಾಡಿ ಮಾಲೀಕನಿಗೂ ಆರ್‌ಟಿಒಗೂ ತಿಳಿಸಿತು. ಅಪಘಾತವಾದದ್ದು 1998ರ ಫೆಬ್ರವರಿ 6ರಂದು. ಅಷ್ಟರಲ್ಲಿ ವಿಮೆ ಇರಲಿಲ್ಲ, ಕಂಪನಿ ಹೊಣೆಯಲ್ಲ ಎಂದು 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ನೊಂದ ಕುಟುಂಬ ಬರಿಗೈಯಲ್ಲಿ ಹೋಗಬಾರದೆಂದು ತನ್ನ ವಿಶೇಷಾಧಿಕಾರ ಬಳಸಿ, ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದಿತು.

ಎರಡನೆಯದು ಲಕ್ಷ್ಮಮ್ಮ ಪ್ರಕರಣ, ಒಂದು ಬಸ್ಸಿನದು. 2004ರ ಏಪ್ರಿಲ್ 14ರಂದು ಚೆಕ್ ಕೊಟ್ಟು ಪಾಲಿಸಿ ಪಡೆದದ್ದು. ಆ ಚೆಕ್ಕೂ ಬೌನ್ಸ್ ಆಯಿತು. ಮೇ 11ಕ್ಕೆ ಅಪಘಾತ. ಕಂಪನಿ ರದ್ದತಿ ಪತ್ರ ಬರೆದದ್ದು ಮೇ 13ಕ್ಕೆ, ಅದು ಮಾಲೀಕನ ಕೈಸೇರಿದ್ದು 21ಕ್ಕೆ. 2012ರ ಏಪ್ರಿಲ್‌ನಲ್ಲಿ ಬಂದ ತೀರ್ಪಿನಲ್ಲಿ ಕೋರ್ಟ್ ಕಂಪನಿಯನ್ನೇ ಹೊಣೆ ಮಾಡಿತು. ಅಪಘಾತಕ್ಕೆ ಮೊದಲೇ ರದ್ದತಿಯ ಸುದ್ದಿ ಮಾಲೀಕನಿಗೆ ಮುಟ್ಟಿರಲಿಲ್ಲ, ಆದ್ದರಿಂದ ಮೂರನೆಯವರ ಪಾಲಿಗೆ ಆ ಪಾಲಿಸಿ ಜೀವಂತವಾಗಿಯೇ ಇತ್ತು.

ಎರಡರಲ್ಲೂ ಚೆಕ್ ಬೌನ್ಸ್ ಆಗಿದೆ, ಎರಡರಲ್ಲೂ ಪಾಲಿಸಿ ರದ್ದಾಗಿದೆ. ಫಲಿತಾಂಶ ತಿರುಗಿಸಿದ್ದು ಅಂಚೆಯ ದಿನಾಂಕ. ಇವು ಪರಿಹಾರದ ದಾವೆಗಳು, ಕ್ರಿಮಿನಲ್ ಕೇಸುಗಳಲ್ಲ ನಿಜ. ಆದರೆ ಗುಬ್ಬಿಯ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ 196ನೇ ಕಲಮಿನ ಆರೋಪಿ ನಿಂತಾಗಲೂ ಕೇಳಬೇಕಾದ ಪ್ರಶ್ನೆ ಇದೇ: ಪೊಲೀಸರು ನಿಲ್ಲಿಸಿದ ಆ ಹೊತ್ತಿಗೆ ಪಾಲಿಸಿ ಜಾರಿಯಲ್ಲಿತ್ತೇ? ರದ್ದಾಗಿದ್ದರೆ ಆ ಪತ್ರ ಯಾವತ್ತು, ಯಾವ ವಿಳಾಸಕ್ಕೆ ಬಂತು?

ಹೊತ್ತು ಎಂದದ್ದು ಸುಮ್ಮನೆ ಅಲ್ಲ. ಪಾಲಿಸಿಯಲ್ಲಿ ದಿನಾಂಕ ಮಾತ್ರ ಇದ್ದರೆ ಆ ದಿನದ ಆರಂಭದಿಂದಲೇ ರಕ್ಷಣೆ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತ್ತು. ಗಂಟೆಯನ್ನೂ ನಮೂದಿಸಿದ್ದರೆ ಆ ಗಂಟೆಯಿಂದಲೇ ಎಂದು ಆಮೇಲಿನ ತೀರ್ಪು ಸ್ಪಷ್ಟಪಡಿಸಿತು. ಆ ಪ್ರಕರಣದಲ್ಲಿ ವಿಮೆ ಶುರುವಾದದ್ದು ಸಂಜೆ ನಾಲ್ಕಕ್ಕೆ, ಅಪಘಾತ ಅದೇ ದಿನ ಅದಕ್ಕೂ ಮುಂಚೆ. ಸಿಕ್ಕಿಬಿದ್ದ ಮೇಲೆ ರಸ್ತೆ ಬದಿಯಲ್ಲೇ ಮೊಬೈಲಿನಲ್ಲಿ ಪಾಲಿಸಿ ಮಾಡಿಸಿ ತೋರಿಸುವ ಜಾಣರು ಇದನ್ನು ಗಮನಿಸಬೇಕು.

ನಕಲಿ ಪಾಲಿಸಿಯದು ಬೇರೆಯೇ ಸಂಕಟ. 2020ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು: ಬೆಂಗಳೂರಿನ ಕೃಷ್ಣರಾಜಪುರದ ವಿಳಾಸ ಕೊಟ್ಟುಕೊಂಡ ‘ಡಿಜಿಟಲ್ ನ್ಯಾಷನಲ್ ಮೋಟಾರ್ ಇನ್ಶೂರೆನ್ಸ್’ ಎಂಬ ಹೆಸರಿನಲ್ಲಿ ಗಾಡಿ ವಿಮೆ ಮಾರಲಾಗುತ್ತಿದೆ, ಅದಕ್ಕೆ ಪರವಾನಗಿಯೇ ಇಲ್ಲ ಎಂದು. ಇಂಥ ಕಾಗದ ಹಿಡಿದು ಓಡಾಡಿದವನು ಮೋಸ ಹೋದವನೂ ಹೌದು, ಕಾನೂನಿನ ಕಣ್ಣಿಗೆ ವಿಮೆಯಿಲ್ಲದೆ ಓಡಿಸಿದವನೂ ಹೌದು. ಪಾಲಿಸಿ ಕೈಗೆ ಬಂದ ದಿನವೇ ಎಂ-ಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡುವುದು, ಕಂಪನಿಯ ವೆಬ್‌ಸೈಟಿನಲ್ಲಿ ಪಾಲಿಸಿ ಸಂಖ್ಯೆ ತಾಳೆ ಮಾಡುವುದು ಐದು ನಿಮಿಷದ ಕೆಲಸ. ದುಡ್ಡು ಕೊಟ್ಟದ್ದಕ್ಕೆ ಗೂಗಲ್ ಪೇ ಗುರುತಾದರೂ ಇದ್ದರೆ ಮಾರಿದವನ ಮೇಲೆ ವಂಚನೆಯ ದೂರು ಕೊಡಲು ಆಧಾರ ಸಿಗುತ್ತದೆ.

ಇಷ್ಟೆಲ್ಲ ಯಾಕೆ, ‘ಗಿಲ್ಟಿ ಆಗಿ ಫೈನ್ ಕಟ್ಟಿಬಿಡಿ, ದಿನ ಯಾಕೆ ಹಾಳು ಮಾಡ್ಕೋತೀರಿ’ ಎನ್ನುವ ಸಲಹೆ ಕೋರ್ಟ್ ಆವರಣದಲ್ಲಿ ಪುಕ್ಕಟೆ ಸಿಗುತ್ತದೆ. ಬರೀ ತಪಾಸಣೆಯ ಕೇಸಾದರೆ, ವಿಮೆ ನಿಜಕ್ಕೂ ಇರದಿದ್ದರೆ, ಅದು ಕೆಟ್ಟ ಸಲಹೆಯಲ್ಲ. ಅಪಘಾತದ ಕೇಸಿನಲ್ಲಿ ಮಾತ್ರ ದುಬಾರಿ. ವಿಮೆ ಇರಲಿಲ್ಲವೆಂದು ಮಾಲೀಕನೇ ಒಪ್ಪಿಕೊಂಡ ದಾಖಲೆ ನಾಳೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕಂಪನಿಯ ವಕೀಲರ ಕೈಯಲ್ಲಿರುತ್ತದೆ. ಅಲ್ಲಿನ ಮೊತ್ತ ಸಾವಿರದ ಲೆಕ್ಕದ್ದಲ್ಲ, ಲಕ್ಷಗಳದ್ದು. ಅದಕ್ಕೆ ತೋಟ, ಮನೆ ಜಪ್ತಿಗೆ ಬರಬಹುದು.

ಕಾಗದ ಮನೆಯಲ್ಲಿ ಉಳಿದಿದ್ದರೆ ದಾರಿ ಸುಲಭ. ವಿಮೆಯ ಪ್ರಮಾಣಪತ್ರವನ್ನು ಏಳು ದಿನದೊಳಗೆ ಠಾಣೆಗೆ ಹಾಜರುಪಡಿಸಿದರೆ, ತೋರಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಶಿಕ್ಷೆಯಿಲ್ಲ ಎನ್ನುತ್ತದೆ 158ನೇ ಕಲಂ. ಲಾರಿ, ಟೆಂಪೊದಂಥ ಸಾರಿಗೆ ವಾಹನಗಳಿಗೆ ಇಷ್ಟು ಸಡಿಲಿಕೆ ಇಲ್ಲ. ಡಿಜಿಲಾಕರ್ ಪ್ರತಿಯನ್ನೂ ಪೊಲೀಸರು ಒಪ್ಪಬೇಕೆಂದು 2018ರ ನವೆಂಬರ್‌ನಲ್ಲೇ ನಿಯಮ ತಿದ್ದಲಾಗಿದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಇನ್ನೊಂದು ತೊಡಕು. ಪಾಲಿಸಿ ಹಳೆಯ ಮಾಲೀಕನ ಹೆಸರಿನಲ್ಲಿದೆ ಎಂದು ಪೊಲೀಸರು ಆಕ್ಷೇಪಿಸಿದರೆ 157ನೇ ಕಲಂ ನೆರವಿಗೆ ಬರುತ್ತದೆ: ಗಾಡಿಯ ಜೊತೆ ಥರ್ಡ್ ಪಾರ್ಟಿ ವಿಮೆಯೂ ವರ್ಗವಾದಂತೆಯೇ. 14 ದಿನದೊಳಗೆ ಹೆಸರು ಬದಲಿಸಲು ಕಂಪನಿಗೆ ಅರ್ಜಿ ಕೊಡಬೇಕು. ಮಾರಿದವನೂ ನಿಶ್ಚಿಂತನಲ್ಲ. ಆರ್‌ಸಿಯಲ್ಲಿ ಹೆಸರು ಇರುವವನೇ ಮಾಲೀಕ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ.

ಸಂಬಳಕ್ಕೆ ಟೆಂಪೊ ಓಡಿಸುವ ಹುಡುಗರಿಗೆ ಗೊತ್ತಿರಬೇಕಾದ ಒಂದು ವಿವರಣೆ 146ನೇ ಕಲಮಿನ ಕೆಳಗೇ ಇದೆ. ವಿಮೆ ಇಲ್ಲವೆಂದು ಗೊತ್ತಿಲ್ಲದೆ, ಗೊತ್ತಾಗಲು ಕಾರಣವೂ ಇಲ್ಲದೆ, ಬರೀ ನೌಕರನಾಗಿ ಓಡಿಸಿದವನು ತಪ್ಪಿತಸ್ಥನಲ್ಲ. ಧಣಿಯ ಜೊತೆ ತಾನೂ ಗಿಲ್ಟಿ ಎನ್ನುವ ಮೊದಲು ಡ್ರೈವರ್ ಈ ಮಾತನ್ನು ನ್ಯಾಯಾಧೀಶರ ಮುಂದೆ ಎತ್ತಬಹುದು.

ಕಂಪನಿಯೊಂದಿಗಿನ ಜಗಳಕ್ಕೆ ಜೆಎಂಎಫ್‌ಸಿ ಕೋರ್ಟ್ ಜಾಗವಲ್ಲ. ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಆದರೆ ಸಾವು ನೋವಿನ ಅಪಘಾತವಾಗಿ ಗಾಡಿ ಠಾಣೆಯಲ್ಲಿದ್ದರೆ ಇದೆಲ್ಲ ಮುಗಿಯುವವರೆಗೆ ಕಾಯಲು ವ್ಯವಧಾನವಿರದು: ವಿಮೆಯಿಲ್ಲದ ಅಂಥ ವಾಹನವನ್ನು ಭದ್ರತೆ ಕೊಡದೆ ಬಿಡಬಾರದು, ಮೂರು ತಿಂಗಳು ಕಳೆದರೆ ಹರಾಜು ಹಾಕಬಹುದು ಎಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದೆ. ಆದ್ದರಿಂದ ವಕೀಲರು ಮೊದಲು ಕೇಳುವುದು ಮೂರೇ ಕಾಗದ: ಪಾಲಿಸಿ, ಪ್ರೀಮಿಯಂ ಹೋದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತು ರದ್ದತಿ ಪತ್ರ ಬಂದಿದ್ದರೆ ಅದರ ಲಕೋಟೆ.