ಝೆಕ್ ಬೈಕು ಮೈಸೂರಿನದಾದ ಬಗೆ

ಮೈಸೂರು: ಒಂದು ದೇಶದ ವಿನ್ಯಾಸ, ಇನ್ನೊಂದು ದೇಶದ ದುಡಿಮೆ ಸೇರಿ ವಾಹನ ಹುಟ್ಟುವುದು ಹೊಸತೇನಲ್ಲ. 1971ರಲ್ಲಿ ಬಂದ ಇಟಲಿಯ ಡಿ ಟೊಮಾಸೊ ಪಂತೇರಾ ಕ್ರೀಡಾ ಕಾರಿಗೆ ಅಮೆರಿಕದ ಫೋರ್ಡ್ ಎಂಜಿನ್ ಜೋಡಿಸಲಾಗಿತ್ತು. ಅದಕ್ಕೂ ದಶಕದ ಮೊದಲೇ ಮೈಸೂರಿನ ಯಾದವಗಿರಿಯಲ್ಲಿ ಇಂತಹುದೇ ಒಂದು ಕೂಡಿಕೆ ನಡೆದಿತ್ತು. ಅದರ ಫಲವೇ ಜಾವಾ ಮೋಟಾರ್ ಸೈಕಲ್.

ಜಾವಾ ಮೂಲತಃ ಝೆಕೊಸ್ಲೊವಾಕಿಯಾದ್ದು. 1929ರಲ್ಲಿ ಪ್ರಾಗ್‌ನ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಖರೀದಿಸಿದರು. ಎರಡೂ ಹೆಸರುಗಳ ಮೊದಲಕ್ಷರಗಳು ಸೇರಿ 'ಜಾವಾ' ಎಂಬ ಹೆಸರಾಯಿತು. ಸ್ವಾತಂತ್ರ್ಯಾನಂತರ ಆಮದಿಗೆ ಕಡಿವಾಣ ಬಿದ್ದಾಗ, ಈ ಬೈಕನ್ನು ಇಲ್ಲಿಯೇ ತಯಾರಿಸಲು ರುಸ್ತುಂ ಇರಾನಿ ಹಾಗೂ ಫಾರೂಕ್ ಇರಾನಿ ಮುಂದಾದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಬೆಂಬಲವೂ ದೊರೆಯಿತು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಗಿ, 1961ರಲ್ಲಿ ಉತ್ಪಾದನೆ ಆರಂಭವಾಯಿತು.

ಸುಮಾರು 250 ಸಿಸಿ ಸಾಮರ್ಥ್ಯದ ಟೂ ಸ್ಟ್ರೋಕ್ ಎಂಜಿನ್, ಇಕ್ಕೆಲಗಳಲ್ಲಿ ಎರಡು ಸೈಲೆನ್ಸರ್ ಇದರ ಗುರುತು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತಿತ್ತು. 1973ರಲ್ಲಿ ಬೈಕಿಗೆ 'ಯೆಜ್ಡಿ' ಎಂದು ಮರುನಾಮಕರಣವಾಯಿತು. 1978ರಲ್ಲಿ ಬಂದ ರೋಡ್‌ಕಿಂಗ್ ಯುವಜನರ ಮನಗೆದ್ದಿತು. ಹೀಗೆ ಪರದೇಶದ ಯಂತ್ರವೊಂದು ಮೈಸೂರಿನ ಕಾರ್ಮಿಕರ ಕೈಯಲ್ಲಿ ಊರಿನದೇ ಆಯಿತು.

ಆದರೆ ಅದರ ಶಕ್ತಿಯೇ ಅದಕ್ಕೆ ಮುಳುವಾಯಿತು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಜತೆ ಆಯಿಲ್ ಬೆರೆಸಬೇಕು. ಹೊಸ ಮಿಶ್ರಣ ಒಳಬರುವಾಗಲೇ ಹೊಗೆ ಹೊರಹೋಗುವ ದ್ವಾರವೂ ತೆರೆದಿರುವುದರಿಂದ, ಇಂಧನದ ಒಂದು ಪಾಲು ಉರಿಯದೆಯೇ ಹೊರಬೀಳುತ್ತದೆ. ಪರಿಣಾಮವಾಗಿ ಹೊಗೆ ಹೆಚ್ಚು, ಮೈಲೇಜ್ ಕಡಿಮೆ. 1985ರಲ್ಲಿ ಬಂದ ಹೀರೊ ಹೊಂಡಾ ಸಿಡಿ 100ರಂತಹ ಫೋರ್ ಸ್ಟ್ರೋಕ್ ಬೈಕುಗಳು ಮಿತವ್ಯಯದ ಹೊಸ ಮಾನದಂಡವನ್ನೇ ಹಾಕಿಕೊಟ್ಟವು. ಮಾಲಿನ್ಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿತು. ಅದನ್ನೇ ನಂಬಿದ್ದ ಕುಟುಂಬಗಳಿಗೆ ಅದೊಂದು ಆಘಾತವಾಗಿತ್ತು.

ಹೆಸರು ಮಾತ್ರ ಅಳಿಯಲಿಲ್ಲ. ಹಳೆಯ ಬೈಕುಗಳನ್ನು ಜತನದಿಂದ ಕಾಪಾಡಿಕೊಂಡು ಬಂದ ಅಭಿಮಾನಿಗಳು ಪ್ರತಿವರ್ಷ ಜುಲೈನ ಎರಡನೇ ಭಾನುವಾರ ಜಾವಾ ದಿನ ಆಚರಿಸುತ್ತಾರೆ. ಮಹೀಂದ್ರ ಸಮೂಹದ ಬೆಂಬಲವಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾವನ್ನೂ, 2022ರಲ್ಲಿ ಯೆಜ್ಡಿಯನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಎಂಜಿನ್ ಈಗ ಫೋರ್ ಸ್ಟ್ರೋಕ್. ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಬ್ರ್ಯಾಂಡ್ ಮರಳಿ ಬಂದರೂ ಮೈಸೂರಿಗೆ ಆ ದುಡಿಮೆ ಮರಳಲಿಲ್ಲ.